ಸೊನ್ನೆಗೆ ಮರಳದ ತಕ್ಕಡಿ

ಮಗಳ ಪಕ್ಕದ ಮನೆಯ ಮುದುಕನಿಗೆ ನನ್ನ ಹೆಸರು ಕೊನೆಗೂ ಬಾಯಿಗೆ ಹತ್ತಲಿಲ್ಲ. ‘ಪ್ರೊಫೆಸರ್’ ಎಂದೇ ಕರೆಯುತ್ತಿದ್ದ. ನಾನು ಪ್ರೊಫೆಸರ್ ಅಲ್ಲ, ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತನಾದ ಲೆಕ್ಚರರ್ ಎಂದು ಎರಡು ಸಲ ತಿದ್ದಿ ನೋಡಿ ಸುಮ್ಮನಾದೆ. ಆತ ಲೇತ್ ಕಾರ್ಖಾನೆಯಲ್ಲಿ ಜೀವಮಾನ ಕಳೆದವನು. ಅಮೆರಿಕಕ್ಕೆ ಮಗಳನ್ನು ನೋಡಲು ಹೋದ ಅಪ್ಪಂದಿರ ಪಾಡು ನಿಮಗೆ ಗೊತ್ತಲ್ಲ. ಹಗಲೆಲ್ಲ ಮನೆಯಲ್ಲಿ ಒಬ್ಬನೇ, ಮಾತನಾಡಲು ಜನವಿಲ್ಲ. ಹಾಗಾಗಿ ಆತ ‘ಬಾ, ನನ್ನ ಹೊಸ ಯಂತ್ರ ನೋಡು’ ಎಂದಾಗ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟೆ.

ಪೆನ್ಸಿಲ್ವೇನಿಯದ ಆ ಸಣ್ಣ ಊರಿನಲ್ಲಿ ನವೆಂಬರ್ ಬಂತೆಂದರೆ ಎಲ್ಲರ ಬಾಯಲ್ಲೂ ಜಿಂಕೆ ಬೇಟೆಯದೇ ಮಾತು. ಈ ಮುದುಕ ತನ್ನ ತೋಟಾಗಳನ್ನು ತಾನೇ ತುಂಬಿಕೊಳ್ಳುತ್ತಿದ್ದ. ಅಲ್ಲಿ ಅದು ಕಾನೂನಿಗೆ ವಿರುದ್ಧವಲ್ಲ, ಅನೇಕರ ಹವ್ಯಾಸ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸಿದರೆ ಜೈಲು. ಮನೆಯ ನೆಲಮಾಳಿಗೆಯಲ್ಲಿ ಒಂದು ಉದ್ದನೆಯ ಮರದ ಮೇಜು. ಅದರ ಮೇಲೆ ಕೈಯಿಂದ ಒತ್ತುವ ಪ್ರೆಸ್ಸು. ಒಮ್ಮೆ ಹಾರಿಸಿದ ತೋಟಾದ ಹಿತ್ತಾಳೆ ಕೊಳವೆ ಕೆಟ್ಟುಹೋಗುವುದಿಲ್ಲ. ಅದರ ಹಳೆಯ ಕೇಪನ್ನು ಕಿತ್ತು, ಕೊಳವೆಯನ್ನು ಅಳತೆಗೆ ಒತ್ತಿ, ಹೊಸ ಕೇಪು ಕೂರಿಸಿ, ಮದ್ದು ಸುರಿದು, ಮೇಲೆ ಗುಂಡು ಬಿಗಿದರೆ ಮತ್ತೆ ತೋಟಾ ಸಿದ್ಧ. ಕಷ್ಟವಿರುವುದು ಮದ್ದು ಸುರಿಯುವುದರಲ್ಲಿ.

ಆ ಮದ್ದನ್ನು ಅವರು ತೂಗುವುದು ಗ್ರಾಮಿನಲ್ಲಲ್ಲ, ‘ಗ್ರೇನ್’ನಲ್ಲಿ, ಅಂದರೆ ಕಾಳು. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, 7000 ಗ್ರೇನಿಗೆ ಒಂದು ಪೌಂಡು. ಇದನ್ನು ಕೇಳಿ ನನಗೆ ನಗು ಬಂತು. ನಮ್ಮ ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದದ್ದು ಗುಲಗಂಜಿಯಲ್ಲಿ. ಒಂದು ಗುಲಗಂಜಿ ಎಂದರೆ ಹೆಚ್ಚುಕಡಿಮೆ ಎರಡು ಗ್ರೇನ್. 1833ರಲ್ಲಿ ಕಂಪನಿ ಸರ್ಕಾರ ತೊಲಕ್ಕೆ ತೂಕ ನಿಗದಿ ಮಾಡಿದ್ದೂ 180 ಗ್ರೇನ್ ಎಂದೇ. ನನ್ನ ಅಜ್ಜಿಯ ಅವಲಕ್ಕಿ ಸರಕ್ಕೂ ಈ ಮುದುಕನ ಮದ್ದಿಗೂ ಅಳತೆಗೋಲು ಒಂದೇ ಎಂದು ವಿವರಿಸಿದೆ. ಆತನಿಗೆ ಎಷ್ಟು ಅರ್ಥವಾಯಿತೋ, ‘ಕೆಂಪು ಬೀಜವೇ? ಅದನ್ನು ನಾನೂ ನೋಡಬೇಕಲ್ಲ’ ಎಂದ.

ಹೊಗೆಯಿಲ್ಲದ ಮದ್ದನ್ನು ಫ್ರಾನ್ಸಿನ ಪಾಲ್ ವಿಯೆಲ್ ರೂಪಿಸಿದ್ದು 1884ರಲ್ಲಿ. ಹಳೆಯ ಕರಿಮದ್ದಿಗಿಂತ ಅದರ ಬಲ ಬಹಳ ಹೆಚ್ಚು. ಆದ್ದರಿಂದ ಕರಿಮದ್ದಿನಂತೆ ಅಂದಾಜಿನಲ್ಲಿ ಅಳೆದು ಸುರಿಯುವಂತಿಲ್ಲ. ತಯಾರಕರ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಹೆಚ್ಚಾದರೆ ಕೋವಿಯೇ ಸಿಡಿದು ಹಾರಿಸಿದವನ ಕಣ್ಣು, ಬೆರಳು ಹೋಗಬಹುದು. ಕಡಿಮೆಯಾದರೂ ನೆಮ್ಮದಿಯಿಲ್ಲ. ಗುಂಡು ನಳಿಗೆಯೊಳಗೇ ಸಿಕ್ಕಿಕೊಂಡು, ಅದು ಗೊತ್ತಾಗದೆ ಹಾರಿಸಿದ ಮುಂದಿನ ಗುಂಡಿಗೆ ನಳಿಗೆ ಒಡೆಯುತ್ತದೆ.

ಇಷ್ಟು ವರ್ಷ ಆತ ಸಣ್ಣ ದಂಡಿನ ತಕ್ಕಡಿಯಲ್ಲಿ, ಚಮಚದ ತುದಿಯಿಂದ ಒಂದೊಂದೇ ಕಾಳು ಉದುರಿಸಿ ತೂಗುತ್ತಿದ್ದನಂತೆ. ಈಗ ಕೈ ನಡುಗುತ್ತದೆ. ಅದಕ್ಕೇ ಎಲೆಕ್ಟ್ರಾನಿಕ್ ಯಂತ್ರ. ಮೇಲೊಂದು ಪಾರದರ್ಶಕ ಡಬ್ಬಿ, ಅದರಿಂದ ಹೊರಟ ತಿರುಗುವ ಕೊಳವೆ, ಕೆಳಗೆ ತಕ್ಕಡಿಯ ಮೇಲೊಂದು ಪುಟ್ಟ ತಟ್ಟೆ. ಬೇಕಾದ ತೂಕ ಒತ್ತಿದರೆ ಕೊಳವೆ ಮೊದಲು ಗರಗರನೆ ತಿರುಗಿ ಮದ್ದು ಸುರಿಯುತ್ತದೆ. ತೂಕ ಹತ್ತಿರ ಬಂದಂತೆ ನಿಧಾನವಾಗಿ, ಜಿಪುಣ ಶೆಟ್ಟಿ ಸಕ್ಕರೆ ತೂಗಿದ ಹಾಗೆ, ಕಾಳು ಕಾಳಾಗಿ ಉದುರಿಸಿ ಕೀಂ ಎಂದು ನಿಲ್ಲುತ್ತದೆ.

ಕೊಳ್ಳುವ ಮುಂಚೆ ಆತ ನನ್ನ ಅಳಿಯನ ಕಂಪ್ಯೂಟರಿನ ಮುಂದೆ ಎರಡು ಸಂಜೆ ಕೂತಿದ್ದ. ಇವುಗಳಲ್ಲಿ ಎರಡು ಜಾತಿ. ಕೆಲವು ನೂರು ಡಾಲರಿಗೆ ಸಿಗುವವುಗಳಲ್ಲಿ ಭಾರಕ್ಕೆ ಕೂದಲೆಳೆಯಷ್ಟು ಬಾಗುವ ಲೋಹದ ತುಂಡು, ಅದಕ್ಕೆ ಅಂಟಿಸಿದ ತಂತಿಯಲ್ಲಿ ವಿದ್ಯುತ್ತಿನ ತಡೆ ಬದಲಾಗುವುದನ್ನು ಅಳೆಯುತ್ತಾರೆ. ಅವು ಗ್ರೇನಿನ ಹತ್ತನೇ ಒಂದು ಪಾಲಿನವರೆಗೆ ತೋರಿಸುತ್ತವೆ. ಇನ್ನೊಂದು ಜಾತಿಯಲ್ಲಿ ಭಾರವನ್ನು ಅಯಸ್ಕಾಂತದ ಬಲದಿಂದ ಎತ್ತಿ ಹಿಡಿದು, ಅದಕ್ಕೆ ಬೇಕಾದ ವಿದ್ಯುತ್ತನ್ನು ಅಳೆಯುತ್ತಾರೆ. ಇನ್ನೂ ಸೂಕ್ಷ್ಮ, ಆದರೆ ಬೆಲೆ ಸಾವಿರ ಡಾಲರ್ ದಾಟುತ್ತದೆ. ಅಳಿಯನ ಕಣ್ಣು ‘ಎಷ್ಟು ಸೆಕೆಂಡಿಗೆ ಒಂದು’ ಎಂಬ ಲೆಕ್ಕದ ಮೇಲೆ. ಮುದುಕ ಅದನ್ನು ಕೇಳಲೇ ಇಲ್ಲ. ಆತ ಕೇಳಿದ್ದು ಮೂರು ಪ್ರಶ್ನೆ: ಜೊತೆಗೆ ಪರೀಕ್ಷೆಯ ಬೊಟ್ಟು ಕೊಡುತ್ತಾರೆಯೇ? ತಟ್ಟೆಗೆ ಗಾಳಿ ತಗಲದಂತೆ ಮುಚ್ಚಳವಿದೆಯೇ? ಕೆಲಸ ಮುಗಿದ ಮೇಲೆ ಡಬ್ಬಿ ಪೂರ್ತಿ ಖಾಲಿಯಾಗುತ್ತದೆಯೇ? ಒಂದು ಬಗೆಯ ಮದ್ದು ಉಳಿದು ಇನ್ನೊಂದರ ಜೊತೆ ಬೆರೆತರೆ ಯಾವ ಪುಸ್ತಕದ ಲೆಕ್ಕವೂ ಉಪಯೋಗಕ್ಕೆ ಬಾರದು. ಅದಕ್ಕೇ ಆತನ ಮೇಜಿನ ಮೇಲೆ ಯಾವಾಗಲೂ ಮದ್ದಿನ ಡಬ್ಬಿ ಒಂದೇ. ಕೊನೆಗೆ ಅಗ್ಗದ ಜಾತಿಯದನ್ನೇ ಕೊಂಡ.

ನಾನು ಹೋದ ದಿನ ಯಂತ್ರ ಬಂದು ಒಂದು ವಾರವಾಗಿತ್ತು. ಅರ್ಧ ಗಂಟೆ ಮೊದಲೇ ಸ್ವಿಚ್ ಹಾಕಿ ಬಿಸಿಯಾಗಲು ಬಿಟ್ಟು, ಸಮತಟ್ಟು ನೋಡಿ, ಬೊಟ್ಟಿಟ್ಟು ತೂಕ ಹೊಂದಿಸಿ, ಬೆಳಿಗ್ಗೆಯಿಂದ 34 ತೋಟಾ ತುಂಬಿ ಸಾಲಾಗಿ ನಿಲ್ಲಿಸಿದ್ದ. ನಾನು ಸುಮ್ಮನೆ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿಗೆ ಮನೆ ಬೆಚ್ಚಗಿಡುವ ಬಿಸಿಗಾಳಿಯ ಯಂತ್ರ ಎಲ್ಲೋ ಗುರ್ರೆಂದಿತು. ನನ್ನ ಬೋಳು ತಲೆಗೆ ಮೇಲಿನಿಂದ ಬೆಚ್ಚಗೆ ಗಾಳಿ ಬಡಿಯಿತು. ನೋಡಿದರೆ ಗಾಳಿಯ ಕಿಂಡಿ ಸರಿಯಾಗಿ ಮೇಜಿನ ಮೇಲೇ ಇದೆ.

ನಮ್ಮ ಹಳೆಯ ಕೆಮಿಕಲ್ ಬ್ಯಾಲೆನ್ಸಿಗೆ ಗಾಜಿನ ಪೆಟ್ಟಿಗೆ ಇರುತ್ತಿದ್ದದ್ದು ಅಲಂಕಾರಕ್ಕಲ್ಲ. ಹುಡುಗರು ಬಾಗಿಲು ತೆರೆದಿಟ್ಟು ತೂಗಿದರೆ ನಾನು ಬೆರಳಿನ ಗೆಣ್ಣಿಗೆ ಸ್ಕೇಲಿನಲ್ಲಿ ಬಡಿಯುತ್ತಿದ್ದೆ. ಹಾಗಾಗಿ ಬಾಯಿ ತಡೆಯಲಿಲ್ಲ. ‘ತಟ್ಟೆ ಎತ್ತಿದರೆ ಎಷ್ಟು ತೋರಿಸುತ್ತದೆ?’ ಎಂದು ಕೇಳಿದೆ. ತಟ್ಟೆಯಿದ್ದಾಗ ಸೊನ್ನೆ ಎಂದು ಹೊಂದಿಸಿರುತ್ತಾರಲ್ಲ, ಎತ್ತಿದರೆ ತಟ್ಟೆಯ ತೂಕ ಮೈನಸ್ಸಿನಲ್ಲಿ ಬರಬೇಕು, ಪ್ರತಿ ಸಲವೂ ಅಷ್ಟೇ ಬರಬೇಕು. ಬೆಳಿಗ್ಗೆ ಅದು ಮೈನಸ್ 152.3 ಇತ್ತು ಎಂದು ಆತ ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದ. ಈಗ ಎತ್ತಿದ. ಮೈನಸ್ 153.0.

ಅಂದರೆ ಯಂತ್ರ ಮುಕ್ಕಾಲು ಗ್ರೇನಿನಷ್ಟು ಕಡಿಮೆ ಓದುತ್ತಿದೆ. ಅಷ್ಟು ಮದ್ದು ಹೆಚ್ಚು ಸುರಿಯುತ್ತಿದೆ. ಪರದೆಯ ಮೇಲೆ ಮಾತ್ರ ಬೇಕಾದ ಅಂಕಿಯೇ ಹೊಳೆಯುತ್ತಿದೆ. ಬಿಸಿಗಾಳಿ ನಿಂತು ಕೋಣೆ ತಣ್ಣಗಾದ ಮೇಲೆ ನೋಡಿದರೆ ಮತ್ತೆ 152.4. ಯಾವ ತೋಟಾ ಗಾಳಿ ಬೀಸುವಾಗ ತುಂಬಿದ್ದು, ಯಾವುದು ನಿಂತಾಗ ತುಂಬಿದ್ದು ಎಂದು ಹೇಳುವವರಾರು?

ಹೆಚ್ಚಿನವು ಸರಿಯಾಗಿಯೇ ಇರಬಹುದು ಎಂದೆ. ಆತ ಮಾತನಾಡಲಿಲ್ಲ. ಯಂತ್ರದ ಸ್ವಿಚ್ ಆರಿಸಿದ, ಮದ್ದನ್ನು ಅದರದೇ ಡಬ್ಬಿಗೆ ಬಗ್ಗಿಸಿ ಮುಚ್ಚಳ ಬಿಗಿದ, ಗೂಡಿನಿಂದ ಸುತ್ತಿಗೆಯಂಥ ಒಂದು ಸಾಧನ ತೆಗೆದ. ಅದರ ತಲೆಯೊಳಗೆ ತೋಟಾ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ ಗುಂಡು, ಮದ್ದು ಕಳಚಿಕೊಂಡು ಹೊರಗೆ ಬರುತ್ತವೆ. ಒಂದೊಂದಕ್ಕೂ ನಾಲ್ಕಾರು ಏಟು. ಮೂವತ್ತನಾಲ್ಕನ್ನೂ ಬಿಚ್ಚಲು ಕುಳಿತ. ನಡುಗುವ ಕೈಯಲ್ಲಿ ಠಪ್, ಠಪ್.

ಆ ಸದ್ದಿಗೆ ನನ್ನ ಮನಸ್ಸು ನಮ್ಮ ಲ್ಯಾಬಿಗೆ ಹೋಯಿತು. 1987ನೇ ಇಸವಿ. ಆಕ್ಸಾಲಿಕ್ ಆಮ್ಲ 1.575 ಗ್ರಾಂ ತೂಗಿ 250 ಮಿಲಿಲೀಟರ್ ದ್ರಾವಣ ಮಾಡಿ, ಅದರ 20 ಮಿಲಿಲೀಟರಿಗೆ ಎಷ್ಟು ಪರ್ಮಾಂಗನೇಟ್ ಬೇಕು ಎಂದು ನೋಡುವ ಮಾಮೂಲಿ ಪ್ರಯೋಗ. ಎಲ್ಲರಿಗೂ 20ರ ಆಸುಪಾಸು ಬಂತು. ಒಬ್ಬ ಹುಡುಗನಿಗೆ ಮಾತ್ರ 19.5. ಮೂರು ಸಲ ಮಾಡಿದರೂ ಅಷ್ಟೇ. ‘ಸಾರ್, ಬೇರೆ ವೇಟ್ ಬಾಕ್ಸ್ ಕೊಡ್ತೀರಾ, ಇನ್ನೊಂದ್ಸಲ ತೂಗ್ತೀನಿ’ ಎಂದು ಕೇಳಿದ. ‘ಬಾಕ್ಸು ಸರಿಯಾಗಿದೆ, ನಿನ್ನ ಕಣ್ಣು ಸರಿಯಿಲ್ಲ’ ಎಂದೆ. ಎಲ್ಲರೂ ನಕ್ಕರು. ನನಗೂ ಒಳ್ಳೆಯ ಮಾತಾಡಿದೆ ಎನ್ನಿಸಿತು. ಇಪ್ಪತ್ತಕ್ಕೆ ಏಳು ಅಂಕ ಹಾಕಿದೆ. ಒಂದು ವಾರ ಬಿಟ್ಟು ಅವನ ಅಪ್ಪ, ಬಸ್ ಕಂಡಕ್ಟರು, ಖಾಕಿ ಬಟ್ಟೆಯಲ್ಲೇ ಬಂದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತರು. ‘ಹುಡುಗ ಓದೋದ್ರಲ್ಲಿ ಹಿಂದೆ ಮುಂದೆ ಇರಬೌದು ಸಾರ್, ಇಲ್ಲದ್ದು ಬರೆಯೋನಲ್ಲ’ ಎಂದರು. ಕ್ಲಾಸಿಗೆ ಹೊತ್ತಾಯಿತು ಎಂದು ಎದ್ದೆ.

ಮಾರನೆಯ ವರ್ಷ ದಾಸ್ತಾನು ತಪಾಸಣೆ. ಅಟೆಂಡರ್ ವೇಟ್ ಬಾಕ್ಸುಗಳನ್ನೆಲ್ಲ ಸಾಲಾಗಿ ಇಟ್ಟಿದ್ದ. ಒಂದು ಬಾಕ್ಸಿನ ಒಂದು ಗ್ರಾಂ ಬೊಟ್ಟು 40 ಮಿಲಿಗ್ರಾಂ ಕಡಿಮೆ ಬಂತು. ಹಿತ್ತಾಳೆ ಬೊಟ್ಟಿನ ಗುಬುಟು ತಿರುಪಿನಿಂದ ಬಿಗಿದಿರುತ್ತದೆ, ಒಳಗಿನ ಪುಟ್ಟ ಗೂಡಿನಲ್ಲಿ ತೂಕ ಹೊಂದಿಸಲು ಲೋಹದ ಚೂರು ತುಂಬಿರುತ್ತಾರೆ. ಗುಬುಟು ಸಡಿಲಾಗಿ ಚೂರು ಉದುರಿತ್ತು. 1.575ರಲ್ಲಿ 40 ಮಿಲಿಗ್ರಾಂ ಹೋದರೆ 20 ಬರಬೇಕಾದದ್ದು 19.5 ಬರುತ್ತದೆ. ಕಾಗದ ಪೆನ್ಸಿಲ್ ಬೇಕಾಗಲಿಲ್ಲ. ಬಾಕ್ಸಿನ ನಂಬರ್ ನೋಡಿ ಹಳೆಯ ರಿಜಿಸ್ಟರ್ ತೆಗೆದೆ. ಆ ದಿನ ಆ ಬಾಕ್ಸಿನಲ್ಲಿ ತೂಗಿದವರು ಐದು ಜನ. ಉಳಿದ ನಾಲ್ವರೂ ಪಕ್ಕದವರ ಉತ್ತರ ನೋಡಿ 20 ಎಂದು ಬರೆದಿದ್ದರು, ನಾನು ಅವರಿಗೆ ಹದಿನೇಳು, ಹದಿನೆಂಟು ಕೊಟ್ಟಿದ್ದೆ.

ಅಷ್ಟರಲ್ಲಿ ಆ ಹುಡುಗ ಟಿ.ಸಿ. ತೆಗೆದುಕೊಂಡು ಹೋಗಿದ್ದ. ವಿಳಾಸ ಆಫೀಸಿನಲ್ಲಿ ಇತ್ತು. ಒಂದು ಕಾರ್ಡು ಬರೆಯಬಹುದಿತ್ತು, ಹದಿನೈದು ಪೈಸೆಯ ಕೆಲಸ. ನಾನು ಮಾಡಿದ್ದಿಷ್ಟು: ಅಟೆಂಡರನಿಗೆ ಹೇಳಿ ಬೊಟ್ಟು ಬದಲಾಯಿಸಿದೆ, ರಿಜಿಸ್ಟರನ್ನು ಬೀರುವಿನಲ್ಲಿ ಇಟ್ಟೆ.

ಮುದುಕ ಇಪ್ಪತ್ತು ತೋಟಾ ಬಿಚ್ಚಿ ಮುಗಿಸಿದ್ದ. ಹಿತ್ತಾಳೆ ಕೊಳವೆಗಳು ಒಂದು ಕಡೆ, ಗುಂಡುಗಳು ಒಂದು ಕಡೆ. ನಾನೂ ಒಂದು ಕೈ ಹಾಕುತ್ತೇನೆಂದರೆ ಕೊಡಲಿಲ್ಲ, ‘ತಪ್ಪು ನನ್ನದು, ಗಾಳಿಕಿಂಡಿ ಕೆಳಗೆ ಮೇಜು ಹಾಕಿದವನು ನಾನು’ ಎಂದ. ಆಮೇಲೆ ಸುತ್ತಿಗೆ ಕೆಳಗಿಟ್ಟು ಕನ್ನಡಕ ಒರೆಸಿಕೊಳ್ಳುತ್ತ ಕೇಳಿದ: ‘ಸೊನ್ನೆ ನೋಡಬೇಕೆಂದು ನಿನಗೆ ಹೇಗೆ ಹೊಳೆಯಿತು, ಪ್ರೊಫೆಸರ್?’

‘ಲ್ಯಾಬಿನಲ್ಲಿ ಕಲಿತದ್ದು’ ಎಂದೆ.

ಆತ ತಲೆಯಾಡಿಸಿ ಇಪ್ಪತ್ತೊಂದನೆಯದನ್ನು ಕೈಗೆತ್ತಿಕೊಂಡ.