ಅಜ್ಜಿಯರ ಬೆಳ್ಳಿ

ಆಫೀಸ್ ಕೆಲಸಕ್ಕೆ ಅಂತ ಲಾಟ್ವಿಯಾದ ರೀಗಾಕ್ಕೆ ಹೋಗಿದ್ದೆ. ಕಾಫಿ ಅಂಗಡಿಯವನು ಕೊಟ್ಟ ಚಿಲ್ಲರೆಯಲ್ಲಿ ಒಂದು 2 ಯೂರೊ ನಾಣ್ಯದ ಮೇಲೆ ಜಡೆ ಹೆಣೆದಂಥ ಚಿತ್ರ. ಇದೇನು ಅಂತ ಜೊತೆಗಿದ್ದ ಅಲ್ಲಿನ ಸಹೋದ್ಯೋಗಿಯನ್ನು ಕೇಳಿದೆ.

"2018ರದ್ದು. ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಮೂರೂ ಒಂದೇ ಚಿತ್ರದ ನಾಣ್ಯ ತಂದವು. ಸ್ವಾತಂತ್ರ್ಯಕ್ಕೆ ನೂರು ವರ್ಷ" ಅಂದಳು.

"ನೂರಾ? ನೀವು ಸ್ವತಂತ್ರ ಆಗಿದ್ದು ಸೋವಿಯತ್ ಒಕ್ಕೂಟ ಒಡೆದಾಗ ಅಲ್ವಾ?"

"ಆಗ ವಾಪಸ್ ಪಡ್ಕೊಂಡಿದ್ದು."

1918ರಲ್ಲಿ ಹುಟ್ಟಿದ ದೇಶವನ್ನು 1940ರಲ್ಲಿ ಸೋವಿಯತ್ ಒಕ್ಕೂಟ ನುಂಗಿತು. 1990ರ ಮೇ 4ರಂದು ಇವರು ಘೋಷಿಸಿದ್ದು ಹೊಸ ಸ್ವಾತಂತ್ರ್ಯವನ್ನಲ್ಲ, ಹಳೆಯದರ ಮರುಸ್ಥಾಪನೆಯನ್ನು. ಈ ವ್ಯತ್ಯಾಸ ಅವರಿಗೆ ಬಹಳ ಮುಖ್ಯ.

ಮರುದಿನ ಅವಳು ಕರವಸ್ತ್ರದಲ್ಲಿ ಸುತ್ತಿ ಒಂದು ನಾಣ್ಯ ತಂದಳು. 1929ರ 5 ಲಾಟ್ಸ್, 25 ಗ್ರಾಂ ಬೆಳ್ಳಿ. ಹೆಗಲ ಮೇಲೆ ತೆನೆ ಹೊತ್ತ ಹುಡುಗಿಯ ಮುಖ. ಜನ ಅವಳನ್ನು ಮಿಲ್ಡಾ ಅಂತಾರೆ. ಸೋವಿಯತ್ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಈ ನಾಣ್ಯವನ್ನು ಬಚ್ಚಿಟ್ಟುಕೊಂಡಿದ್ದರಂತೆ. ಇದು ಅವಳ ಅಜ್ಜಿಯದು. 2014ರಲ್ಲಿ ಯೂರೊ ಬಂದಾಗ 1 ಮತ್ತು 2 ಯೂರೊ ನಾಣ್ಯಗಳ ಮೇಲೆ ಅದೇ ಹುಡುಗಿ ಮರಳಿ ಬಂದಳು. "ನಿನ್ನ ಜೇಬಲ್ಲೂ ಇರ್ತಾಳೆ, ನೋಡು." ಇದ್ದಳು!

ನನ್ನ ಬಾಯಿಂದ ಮೊದಲು ಬಂದ ಪ್ರಶ್ನೆ: "ಈಗ ಎಷ್ಟು ಬೆಲೆ ಬಾಳುತ್ತೆ?"

"ಯಾರನ್ನೂ ಕೇಳಿಲ್ಲ" ಅಂದಳು.

ನಾಚಿಕೆಯಾಯಿತು. ನಮ್ಮಜ್ಜಿಯ ಹತ್ತಿರ ರಾಜನ ತಲೆಯ 11 ಬೆಳ್ಳಿ ರೂಪಾಯಿ ಇದ್ದವು. ನನಗೆ ಬಿಇ ಸೀಟು ಸಿಕ್ಕಾಗ ಅಪ್ಪ ಅವನ್ನು ಸಾಗರದ ಅಕ್ಕಸಾಲಿಗೆ ಕೊಟ್ಟರು. ತಕ್ಕಡಿಗೆ ಹಾಕುವಾಗ ನಾನೂ ಪಕ್ಕದಲ್ಲೇ ನಿಂತಿದ್ದೆ. ಬಂದ ದುಡ್ಡು ಹಾಸ್ಟೆಲ್ ಡಿಪಾಸಿಟ್‌ಗೆ ಹೋಯಿತು. ಅಜ್ಜಿ ಒಂದು ಮಾತೂ ಆಡಲಿಲ್ಲ. ಆ ದೀಪಾವಳಿಯ ಲಕ್ಷ್ಮೀಪೂಜೆಗೆ ತಟ್ಟೆಯಲ್ಲಿ ಸ್ಟೀಲಿನ ಒಂದು ರೂಪಾಯಿ ನಾಣ್ಯಗಳನ್ನು ಜೋಡಿಸಿಟ್ಟಿದ್ದಳು, ಅಷ್ಟೇ.

ಓದಿದ್ದಕ್ಕೆ ಬೇಸರವಿಲ್ಲ. ಅದರಿಂದಲೇ ತಾನೇ ರೀಗಾ ಕಂಡದ್ದು. ಆದರೆ ಆ ನಾಣ್ಯಗಳು ಅವಳ ತವರಿನವೋ, ದುಡಿದು ಕೂಡಿಟ್ಟವೋ ಅಂತ ಒಮ್ಮೆಯೂ ಕೇಳಲಿಲ್ಲ. ಈಗ ಕೇಳೋಣ ಅಂದ್ರೆ ಅಜ್ಜಿ ಇಲ್ಲ.

ಜಡೆಯ ನಾಣ್ಯ ಖರ್ಚು ಮಾಡದೆ ಊರಿಗೆ ತಂದೆ. ಅಮ್ಮ ತಿರುಗಿಸಿ ತಿರುಗಿಸಿ ನೋಡಿದಳು. "ಇದು ನಡೆಯೋ ದುಡ್ಡೇನೋ ಮಾರಾಯ?"

"ಇಲ್ಲಿ ನಡೆಯಲ್ಲಮ್ಮ."

"ಹಾಗಾದ್ರೆ ಪೂಜೆಗಿಡ್ತೀನಿ" ಅಂತ ಒಳಗೆ ತಗೊಂಡು ಹೋದಳು.