ಅಪ್ಪನ ಸೀಟಿನಲ್ಲಿ ಒಂಬತ್ತನೇ ಸೋಲು

ಆಗ ಪ್ರಾಜೆಕ್ಟ್ ಮೇಲೆ ಅಮೆರಿಕದ ಒಮಾಹಾದಲ್ಲಿದ್ದೆ. ಅಲ್ಲಿಂದ ಲಿಂಕನ್‌ಗೆ ಕಾರಲ್ಲಿ ಒಂದು ಗಂಟೆ, ಎರಡೂ ಕಡೆ ಕಟಾವಾದ ಮೆಕ್ಕೆಜೋಳದ ಹೊಲ. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಹೆಸರೂ ಕಾರ್ನ್‌ಹಸ್ಕರ್ಸ್, ಅಂದ್ರೆ ತೆನೆ ಸುಲಿಯೋರು. (ನಮ್ಮ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕ್ಕೊಂಡು ಗುದ್ದಾಡೋದು.)

2021ರ ನವೆಂಬರ್ 26. ಎದುರಾಳಿ ಪಕ್ಕದ ರಾಜ್ಯದ ಅಯೋವಾ. ಆ ಸೀಸನ್‌ನಲ್ಲಿ ಅಷ್ಟೊತ್ತಿಗೆ 8 ಸೋಲು, ಒಂದರಲ್ಲೂ ಅಂತರ 9 ಪಾಯಿಂಟ್ ದಾಟಿಲ್ಲ. ಆರ್‌ಸಿಬಿ ಅಭಿಮಾನಿಗೆ ಈ ನೋವನ್ನ ಬಿಡಿಸಿ ಹೇಳಬೇಕಾ? ಆದರೂ ಸ್ಟೇಡಿಯಂ ಪೂರ್ತಿ ಕೆಂಪು. 1962ರಿಂದ ಇಲ್ಲಿ ಟಿಕೆಟ್ ಉಳಿದದ್ದೇ ಇಲ್ಲ ಅಂತಾರೆ.

ನನ್ನನ್ನು ಕರೆದುಕೊಂಡು ಹೋದ ಸಹೋದ್ಯೋಗಿಯದು ಅಪ್ಪನ ಕಾಲದ ಎರಡು ಸೀಟು. ಅಪ್ಪ ತೀರಿಕೊಂಡ ಮೇಲೆ ಪಕ್ಕದ್ದರಲ್ಲಿ ಯಾರನ್ನೂ ಕೂರಿಸಿರಲಿಲ್ಲವಂತೆ. ಅವತ್ತು ನಾನು ಕೂತೆ.

21–6ರಿಂದ ಮುಂದಿದ್ದೆವು. ಗೆದ್ದೇಬಿಟ್ವಿ ಅಂದ್ಕೊಂಡು ಚಿಪ್ಸ್ ತರೋಕೆ ಎದ್ದೆ. ‘ಕೂತ್ಕೋ, ಇನ್ನೂ ಟೈಮಿದೆ’ ಅಂದ. ಆಮೇಲೆ ನಮ್ಮವರು ಒದ್ದ ಚೆಂಡನ್ನೇ ತಡೆದು ಅಯೋವಾ ಟಚ್‌ಡೌನ್ ಮಾಡಿತು. ಕೊನೆಗೆ 28–21, ಸೋಲು. ಮೈದಾನ ಬಿಟ್ಟು ಹೊರಟ ಅಯೋವಾ ಹುಡುಗರಿಗೆ ನಮ್ಮ ಸಾಲಿನವರು ಚಪ್ಪಾಳೆ ತಟ್ಟಿದರು, ಅದು ಅಲ್ಲಿಯ ವಾಡಿಕೆ. ಅವನೂ ತಟ್ಟಿದ, ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡು.

ವಾಪಸ್ ದಾರೀಲಿ ರೇಡಿಯೋ ಹಾಕಲಿಲ್ಲ. ಒಮಾಹಾ ಹತ್ತಿರ ಬಂದಾಗ, ‘ಮುಂದಿನ ಸೀಸನ್ ಮೊದಲ ಮ್ಯಾಚ್ ಐರ್ಲೆಂಡ್‌ನ ಡಬ್ಲಿನ್‌ನಲ್ಲಿ, ಹೋಗ್ತೀನಿ’ ಅಂದ.

ಹೋದ. ಅಲ್ಲೂ 31–28ರಲ್ಲಿ ಸೋತರು.