ಬಸರಾಳಿನ ಗುಡಿ: ಹೊರಗೆ ಕತೆ, ಒಳಗೆ ಕವಿತೆ

ಮಂಡ್ಯದಿಂದ ನಾಗಮಂಗಲದ ಕಡೆಗೆ ಹೋಗುವ ಬಸ್ಸು ಹತ್ತಿದರೆ ಸುಮಾರು 25 ಕಿಲೋಮೀಟರಿಗೆ ಬಸರಾಳು ಸಿಗುತ್ತದೆ. ಬೇಲೂರು, ಹಳೇಬೀಡು ನೋಡಿದವರು ಸಾವಿರಾರು ಮಂದಿ. ಇಲ್ಲಿ ಇಳಿಯುವವರು ಬೆರಳೆಣಿಕೆಯಷ್ಟು. ಇಲ್ಲಿನ ಮಲ್ಲಿಕಾರ್ಜುನ ದೇವಾಲಯ ಸೋಮನಾಥಪುರದ ಗುಡಿಗಿಂತ ಹಿರಿಯದು. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಂಡನಾಯಕ ಕಟ್ಟಿಸಿದ್ದು.

ಕಲ್ಲು ಬಳಪದ ಕಲ್ಲು. ನೆಲದಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಗುಣ ಅದಕ್ಕಿದೆ. ಶಿಲ್ಪಿಗಳು ಅಷ್ಟು ಸಣ್ಣ ಕೆತ್ತನೆ ಮಾಡಲು ಸಾಧ್ಯವಾದದ್ದು ಅದರಿಂದಲೇ. ಗೋಡೆಯ ಸುತ್ತ ರಾಮಾಯಣ, ಮಹಾಭಾರತ, ಭಾಗವತದ ಪ್ರಸಂಗಗಳಿವೆ. ರಾವಣ ಕೈಲಾಸ ಎತ್ತುತ್ತಾನೆ. ಹದಿನಾರು ಕೈಗಳ ಶಿವ ಕುಣಿಯುತ್ತಾನೆ. ಅರ್ಜುನ ಮತ್ಸ್ಯಯಂತ್ರಕ್ಕೆ ಗುರಿಯಿಟ್ಟಿದ್ದಾನೆ. ದ್ರೌಪದಿ ಆಗಲೇ ಹಾರ ಹಿಡಿದು ಹೊರಟಿದ್ದಾಳೆ! ಈ ಕತೆಗಳನ್ನು ಒಂದು ಕಡೆ ನಿಂತು ಓದಲಾಗುವುದಿಲ್ಲ. ನಡೆಯಬೇಕು, ಒಂದು ಸುತ್ತು ಬರಬೇಕು.

ಓದಿನ ಹುಚ್ಚಿರುವ ನನಗೆ ಈ ಗುಡಿ ಸುತ್ತುವಾಗಲೆಲ್ಲ ಎರಡು ಬಗೆಯ ಪುಸ್ತಕಗಳು ನೆನಪಿಗೆ ಬರುತ್ತವೆ. ಹೊರಗೋಡೆ ಕಾದಂಬರಿಯಂತೆ, ಜನ, ಆನೆ, ಕುದುರೆ, ಯುದ್ಧ, ಮದುವೆ ಎಲ್ಲ ಅಲ್ಲಿದೆ. ಗರ್ಭಗುಡಿ ಕವಿತೆಯಂತೆ. ಎರಡಕ್ಕೂ ಈ ಸೀಮೆಯಲ್ಲೇ ದೊಡ್ಡ ಹೆಸರುಗಳಿವೆ ಎಂಬುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುವುದಿಲ್ಲ.

ಪಕ್ಕದ ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ರಾಮನಗರದ ಜಾನಪದ ಲೋಕ ಕಟ್ಟಿದವರೆಂದು ಎಲ್ಲರಿಗೂ ಗೊತ್ತು. ಅವರ ‘ದೊಡ್ಡಮನೆ’ ಕಾದಂಬರಿ ಓದಿದವರು ಕಡಿಮೆ. ಹಳೆಯ ಹಳ್ಳಿಯ ದೊಡ್ಡ ಮನೆತನದ ಬದುಕನ್ನು ಪ್ರೀತಿಯಿಂದ ಹಿಡಿದಿಟ್ಟ ಪುಸ್ತಕ ಅದು. ಕಳೆದುಹೋದ ಕಾಲವನ್ನು ನೆನೆಯುವ ಇಂಥ ಕತೆಗಳಿಂದ ಏನು ಪ್ರಯೋಜನ ಎಂದು ಪೋಷಕರು ಕೇಳುತ್ತಾರೆ. ಒಬ್ಬರಂತೂ, “ಮೇಷ್ಟ್ರೇ, ನೀವೇ ಸೈನ್ಸು ಹೇಳ್ಕೊಡೋರು. ಕತೆ ಪುಸ್ತಕ ಓದ್ಸಿದ್ರೆ ಮಾರ್ಕ್ಸ್ ಬತ್ತದಾ?” ಎಂದು ನೇರವಾಗಿಯೇ ಕೇಳಿದರು.

ಬರುತ್ತದೋ ಇಲ್ಲವೋ, ನನ್ನ ಪಾಠಕ್ಕಂತೂ ಒದಗಿದೆ. ಅಳತೆಯ ಮಾನಗಳ ಪಾಠ ಮಾಡುವಾಗ ನಾನು ಲೀಟರಿನಿಂದ ಶುರುಮಾಡುವುದಿಲ್ಲ. ಪಾವು, ಸೇರು, ಕೊಳಗ, ಖಂಡುಗದಿಂದ ಶುರುಮಾಡುತ್ತೇನೆ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಆದರೆ ಒಂದೊಂದು ಸೀಮೆಯ ಕೊಳಗ ಒಂದೊಂದು ಗಾತ್ರ. ಸಾಲ ಕೊಡುವಾಗಿನ ಕೊಳಗ ಬೇರೆ, ವಸೂಲಿಯ ಕೊಳಗ ಬೇರೆ ಎಂದು ಹಿರಿಯರು ಹೇಳುವುದನ್ನು ಕೇಳಿದ್ದೇನೆ. 1956ರ ಕಾಯಿದೆಯ ನಂತರ ದೇಶಕ್ಕೆಲ್ಲ ಒಂದೇ ಮೆಟ್ರಿಕ್ ಅಳತೆ ಏಕೆ ಬೇಕಾಯಿತೆಂದು ಹೀಗೆ ಹೇಳಿದರೆ ಮಕ್ಕಳಿಗೆ ಥಟ್ಟನೆ ತಿಳಿಯುತ್ತದೆ. ಕಣಜ, ಹಗೇವು, ಏತ, ಕಪಿಲೆ ಮುಂತಾದ ಮಾತುಗಳು ಇಂದು ಉಳಿದಿರುವುದು ಬಹುಪಾಲು ಇಂಥ ಪುಸ್ತಕಗಳಲ್ಲಿಯೇ.

ಒಮ್ಮೆ ತರಗತಿಯಲ್ಲಿ ಹಳೆಯ ಹಳ್ಳಿಮನೆಯ ವಿಷಯ ಹೇಳುತ್ತಿದ್ದೆ. ತೊಟ್ಟಿ, ಹಜಾರ, ಹಬ್ಬದ ದಿನ ನೂರು ಎಲೆ ಊಟ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: “ಸಾ, ಆ ಮನೇಲಿ ನಮ್ಮೋರು ಎಲ್ಲಿದ್ರು?”

ತರಗತಿ ಸ್ತಬ್ಧವಾಯಿತು. ಉತ್ತರ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಜಗುಲಿಯ ಮೇಲಲ್ಲ, ಹಜಾರದಲ್ಲೂ ಅಲ್ಲ. ಎಲೆ ಎತ್ತಿದ ಮೇಲೆ ಹಿತ್ತಿಲ ಬಾಗಿಲಲ್ಲಿ. ನೆನಪಿಗೂ ಒಂದೊಂದು ಮನೆಗೆ ಒಂದೊಂದು ಕೊಳಗ ಇರುತ್ತದೆಯಷ್ಟೆ. ಅಂದು ಸಂಜೆ ಅವನಿಗೆ ಬೆಸಗರಹಳ್ಳಿ ರಾಮಣ್ಣನವರ ಕಥೆಗಳ ಪುಸ್ತಕ ಕೊಟ್ಟೆ. ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ರಾಮಣ್ಣ ವೃತ್ತಿಯಿಂದ ವೈದ್ಯರು. ಇದೇ ಸೀಮೆಯ ಬಡವರ, ದಲಿತರ ಬದುಕನ್ನು ರೋಗಿಯ ನಾಡಿ ಹಿಡಿದು ನೋಡಿದ ಹಾಗೆ ಬರೆದವರು. ಹುಡುಗ ವಾರದೊಳಗೆ ಪುಸ್ತಕ ಹಿಂದಿರುಗಿಸಿ, “ಇನ್ನೊಂದೈತಾ ಸಾ?” ಎಂದ. ‘ದೊಡ್ಡಮನೆ’ಯನ್ನೂ ಕೊಟ್ಟೆ. ಒಂದನ್ನು ಬಿಟ್ಟು ಇನ್ನೊಂದನ್ನು ಓದಿದರೆ ಗುಡಿಯ ಅರ್ಧ ಸುತ್ತು ಬಂದು ಮನೆಗೆ ಹೋದಂತೆ. ಹಾಗಾಗಿ ಮನೆಯಲ್ಲಿ ಮಕ್ಕಳಿಗೆ “ನಮ್ಮ ಕಾಲದಲ್ಲಿ ಎಲ್ಲ ಚೆನ್ನಾಗಿತ್ತು” ಎನ್ನುವ ಪೋಷಕರು, ಯಾರಿಗೆ ಚೆನ್ನಾಗಿತ್ತು ಎಂಬುದನ್ನೂ ಸೇರಿಸಿ ಹೇಳಬೇಕೆಂದು ನನ್ನ ಕೋರಿಕೆ.

ಇನ್ನು ಒಳಗಿನ ಮಾತು. ಬಿಸಿಲಿನಿಂದ ನೇರವಾಗಿ ಒಳಹೊಕ್ಕರೆ ಮೊದಲು ಬರೀ ಕತ್ತಲು. ಕಣ್ಣಿನ ಪಾಪೆ ಕೆಲವೇ ಸೆಕೆಂಡುಗಳಲ್ಲಿ ಹಿಗ್ಗುತ್ತದೆ. ಆದರೆ ಅಕ್ಷಿಪಟಲ ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಷ್ಟು ಬೇಕು. ನಮ್ಮ ಜನ ಎರಡು ನಿಮಿಷ ನಿಂತು, ಕೈಮುಗಿದು, ಹೊರಗೆ ಬಂದುಬಿಡುತ್ತಾರೆ. ಪು.ತಿ.ನ. ಅವರ ಕವಿತೆಯನ್ನೂ ಹಾಗೆಯೇ ಓದಿ, ಕಷ್ಟವೆಂದು ಮುಚ್ಚಿಡುತ್ತಾರೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ 1905ರಲ್ಲಿ ಹುಟ್ಟಿದ ಈ ಕವಿಗೆ ಭಕ್ತಿಯೆಂದರೆ ದೇವರನ್ನು ಬೇಡುವುದಲ್ಲ. ಎದುರಿಗಿರುವುದನ್ನೇ ನೆಟ್ಟ ಕಣ್ಣಿನಿಂದ ನೋಡುವುದು. ಪರೀಕ್ಷೆಯ ಸಾರಾಂಶಕ್ಕೆ ಅದು ಸಿಕ್ಕುವುದಿಲ್ಲ. ನಿಧಾನವಾಗಿ, ಗಟ್ಟಿಯಾಗಿ ಓದಬೇಕು.

ಅವರ ‘ಗೋಕುಲ ನಿರ್ಗಮನ’ ಗೀತನಾಟಕದ ವಸ್ತು ಕೃಷ್ಣ ಗೋಕುಲ ಬಿಟ್ಟು ಮಥುರೆಗೆ ಹೊರಡುವುದು. ಹೋದವನು ಮತ್ತೆ ಊರಿಗೆ ಬರುವವನಲ್ಲ. ಊರಿನ ನೆನಪು, ದೇವರ ಹಂಬಲ ಎರಡೂ ಅಲ್ಲಿ ಬೇರೆ ಬೇರೆಯಾಗಿಲ್ಲ. ಮಗನನ್ನೋ ಮಗಳನ್ನೋ ಓದಲು ಬೆಂಗಳೂರಿಗೆ ಕಳಿಸಿ, ಬಸ್ಸು ಹೋದ ಮೇಲೂ ರಸ್ತೆಯಲ್ಲೇ ನಿಲ್ಲುವ ತಾಯಿಯರನ್ನು ಪ್ರತಿ ವರ್ಷ ನೋಡುವ ನನಗೆ, ಅದು ಪುರಾಣದ ಕತೆಯೆಂದು ಎಂದೂ ಅನ್ನಿಸಿಲ್ಲ.

ಬಸರಾಳಿಗೆ ಬರುವವರು ಬೆಳಗಿನ ಹೊತ್ತೇ ಬನ್ನಿ. ಬಿಸಿಲು ಓರೆಯಾಗಿ ಬೀಳುವಾಗ ಕೆತ್ತನೆಯ ನೆರಳು ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಎಲ್ಲ ಚಪ್ಪಟೆ. ಬುತ್ತಿ, ನೀರು ಜೊತೆಗಿರಲಿ. ಮಕ್ಕಳಿಗೆ ಅರ್ಜುನನನ್ನು ತೋರಿಸಿಬಿಡಬೇಡಿ, ಅವರೇ ಹುಡುಕಲಿ. ಇನ್ನೊಂದು ದಿನ ಬಿಡುವಿದ್ದರೆ ಮೇಲುಕೋಟೆಗೂ ಹೋಗಿ. ಅಲ್ಲಿ ಪು.ತಿ.ನ. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ.